ಮಗುವಿಗೆ ಹಸುವಿನ ಹಾಲಿನ ಅಲರ್ಜಿ ಅನುಮಾನ: ಮೊಟ್ಟೆಯನ್ನೂ ತಿನ್ನದ ಬಾಣಂತಿ ಹಾಲು, ಮೊಸರು, ತುಪ್ಪ ಬಿಟ್ಟು ಏನು ಉಣ್ಣಬೇಕು?

ಸಾಗರದ ತಾಯಿ:

ಎಲ್ಲರಿಗೂ ನಮಸ್ಕಾರ. ಎರಡೂವರೆ ತಿಂಗಳ ಮಗು, ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ. ಮಲದಲ್ಲಿ ಲೋಳೆ, ಜೊತೆಗೆ ಆಗಾಗ ಕೆಂಪು ಎಳೆಯ ಹಾಗೆ ರಕ್ತ. ತೂಕ ಸರಿಯಾಗಿ ಏರುತ್ತಿದೆ, ಜ್ವರ ಇಲ್ಲ, ಹಾಲು ಚೆನ್ನಾಗಿ ಕುಡಿಯುತ್ತದೆ. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿದ್ದಾರೆ. ಗುದದ ಹತ್ತಿರ ಬಿರುಕಿಲ್ಲ, ಸೋಂಕೂ ಕಾಣುತ್ತಿಲ್ಲ, ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರಬಹುದು ಎಂದಿದ್ದಾರೆ. ಎದೆಹಾಲು ನಿಲ್ಲಿಸುವುದು ಬೇಡ, ತಾಯಿ ಹಾಲಿನ ಪದಾರ್ಥಗಳನ್ನು ಪೂರ್ತಿ ಬಿಟ್ಟು ನಾಲ್ಕು ವಾರ ನೋಡಿ ಎಂಬುದು ಅವರ ಸಲಹೆ.

ಮನೆಯಲ್ಲಿ ಬಾಣಂತಿ ಊಟ ಅಂದ್ರೆ ಅನ್ನಕ್ಕೆ ತುಪ್ಪ, ಹಾಲು ಹಾಕಿದ ಕಷಾಯ, ಮಜ್ಜಿಗೆ ತಂಬುಳಿ. ಮೊಟ್ಟೆಯನ್ನೂ ತಿನ್ನುವವರಲ್ಲ. ತುಪ್ಪವನ್ನೂ ಬಿಡಬೇಕಾ? ಮನೆಯ ಮಲೆನಾಡು ಗಿಡ್ಡದ ಹಾಲಾದರೆ ಆದೀತಾ, ಇಲ್ಲಾ ಎಮ್ಮೆ ಹಾಲು, ಆಡಿನ ಹಾಲು? ಸೋಯಾ, ಗೋಧಿ, ಕಡಲೆ, ತೊಗರಿ ಎಲ್ಲವನ್ನೂ ಈಗಲೇ ಬಿಟ್ಟುಬಿಡು ಎನ್ನುವವರೂ ಇದ್ದಾರೆ. ಅಷ್ಟೆಲ್ಲ ಬಿಟ್ಟರೆ ಉಣ್ಣಲಿಕ್ಕೆ ಉಳಿಯುವುದೇನು? ಎದೆಹಾಲು ಕಡಿಮೆಯಾಗುವುದಿಲ್ಲವೇ?

ಆಹಾರ ತಜ್ಞೆ, ಶಿವಮೊಗ್ಗ:

ತುಪ್ಪದಿಂದಲೇ ಶುರು ಮಾಡುತ್ತೇನೆ, ನಮ್ಮ ಕಡೆ ಈ ಪಥ್ಯ ಕೆಡುವುದು ಹೆಚ್ಚಾಗಿ ಅಲ್ಲೇ. ತುಪ್ಪ ಹೆಚ್ಚುಕಡಿಮೆ ಪೂರ್ತಿ ಕೊಬ್ಬು, ನಿಜ. ಆದರೆ ಬೆಣ್ಣೆ ಕಾಯಿಸುವಾಗ ತಳದಲ್ಲಿ ಕಂದು ಗಸಿ ಕೂರುತ್ತದಲ್ಲ, ಅದು ಹಾಲಿನ ಪ್ರೋಟೀನೇ. ಎಷ್ಟು ಸೋಸಿದರೂ ಅದರಲ್ಲಿ ಸ್ವಲ್ಪ ತುಪ್ಪದಲ್ಲಿ ಉಳಿದುಕೊಳ್ಳುತ್ತದೆ. ಕೆಲವು ಮಕ್ಕಳಿಗೆ ಅಷ್ಟರಿಂದ ಏನೂ ಆಗಲಿಕ್ಕಿಲ್ಲ. ಆದರೂ ಪರೀಕ್ಷೆಯ ನಾಲ್ಕು ವಾರ ಅದನ್ನೂ ಬಿಡಿ. ಇಲ್ಲದಿದ್ದರೆ ಕೊನೆಗೆ ಗುಣ ಕಾಣದಿದ್ದಾಗ ಹಾಲು ಕಾರಣವಲ್ಲವೋ, ತುಪ್ಪ ಉಳಿಸಿಕೊಂಡದ್ದು ಕಾರಣವೋ ತಿಳಿಯದೆ ಇಡೀ ತಿಂಗಳು ವ್ಯರ್ಥವಾಗುತ್ತದೆ.

ಗಿಡ್ಡ ತಳಿಯ ಹಾಲು, ಎ2 ಎಂದು ಮಾರುವ ಹಾಲು, ಎಮ್ಮೆ ಹಾಲು, ಆಡಿನ ಹಾಲು ಯಾವುದೂ ಆಗುವುದಿಲ್ಲ. ಎ2 ಎನ್ನುವುದು ಬೀಟಾ ಕೇಸೀನ್ ಎಂಬ ಒಂದು ಪ್ರೋಟೀನಿನಲ್ಲಿರುವ ಚಿಕ್ಕ ವ್ಯತ್ಯಾಸ ಮಾತ್ರ, ಬೀಟಾ ಲ್ಯಾಕ್ಟೋಗ್ಲೋಬುಲಿನ್ ಎಂಬ ಇನ್ನೊಂದು ಹಾಲಿನ ಪ್ರೋಟೀನ್ ಮತ್ತು ಉಳಿದ ಕೇಸೀನುಗಳು ಅದರಲ್ಲೂ ಇದ್ದೇ ಇರುತ್ತವೆ. ಎಮ್ಮೆ, ಆಡಿನ ಹಾಲಿನ ಪ್ರೋಟೀನುಗಳು ಹಸುವಿನದಕ್ಕೆ ಎಷ್ಟು ಹತ್ತಿರ ಎಂದರೆ ಮಗುವಿನ ಕರುಳು ಬೇರೆ ಎಂದು ಗುರುತಿಸುವುದಿಲ್ಲ. ಲ್ಯಾಕ್ಟೋಸ್ ತೆಗೆದ ಹಾಲಿನಿಂದಲೂ ಪ್ರಯೋಜನವಿಲ್ಲ. ಅದರಲ್ಲಿ ತೆಗೆದಿರುವುದು ಸಕ್ಕರೆ, ಇಲ್ಲಿ ತೊಂದರೆ ಕೊಡುವುದು ಪ್ರೋಟೀನ್. ಮೊಸರು, ಮಜ್ಜಿಗೆ, ಪನೀರ್, ಖೋವಾ, ಹಾಲಿನ ಪುಡಿ ಎಲ್ಲ ಅದೇ ಲೆಕ್ಕ.

ಎಲ್ಲವನ್ನೂ ಒಟ್ಟಿಗೆ ಬಿಡುವ ಸಲಹೆ ಸರಿಯಲ್ಲ. ಎದೆಹಾಲು ಮಾತ್ರ ಕುಡಿಯುವ ಮಗುವಿನಲ್ಲಿ ಇಂಥ ತೊಂದರೆಗೆ ಎಲ್ಲಕ್ಕಿಂತ ಹೆಚ್ಚಾಗಿ ಕಾರಣವಾಗುವುದು ಹಸುವಿನ ಹಾಲು, ಅದರ ನಂತರ ಸೋಯಾ. ಹಾಲು ಪೂರ್ತಿ ಬಿಟ್ಟು ನಾಲ್ಕು ವಾರವಾದರೂ ರಕ್ತ ನಿಲ್ಲದಿದ್ದರೆ ಆಗ ಸೋಯಾ. ಕೆಲವು ಡಾಕ್ಟರು ಎರಡನ್ನೂ ಒಟ್ಟಿಗೆ ಬಿಡಿಸುತ್ತಾರೆ, ನಿಮ್ಮ ಡಾಕ್ಟರು ಹಾಗೆ ಹೇಳಿಲ್ಲ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಕಾಳು ಬಿಟ್ಟರೂ ಹೇಗೋ ನಡೆಯುತ್ತದೆ. ನಿಮ್ಮ ತಟ್ಟೆಯಲ್ಲಿ ಹಾಲು ಹೋದ ಮೇಲೆ ಪ್ರೋಟೀನಿಗೆ ಬೇಳೆಕಾಳೇ ಗತಿ. ಅದನ್ನೂ ಅನುಮಾನದ ಮೇಲೆ ತೆಗೆದುಬಿಟ್ಟರೆ ಸೊರಗುವುದು ತಾಯಿ.

ಲೆಕ್ಕ ಹೀಗಿದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿರುವಂತೆ ಮೊದಲ ಆರು ತಿಂಗಳು ಎದೆಹಾಲುಣಿಸುವವರಿಗೆ ಮಾಮೂಲಿ 46 ಗ್ರಾಂ ಪ್ರೋಟೀನಿನ ಮೇಲೆ ಇನ್ನೂ 17 ಗ್ರಾಂ ಬೇಕು, ಅಂದರೆ ದಿನಕ್ಕೆ 62–63 ಗ್ರಾಂ. ಶಕ್ತಿ 600 ಕಿಲೋ ಕ್ಯಾಲೊರಿ ಹೆಚ್ಚು ಬೇಕು. ಕ್ಯಾಲ್ಸಿಯಂ 1200 ಮಿಲಿಗ್ರಾಂ. 200 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ ಎರಡು ಲೋಟ ಹಾಲು, ಒಂದು ಬಟ್ಟಲು ಮೊಸರು ತಿನ್ನುತ್ತಿದ್ದವರು ಬಿಟ್ಟಾಗ ಎಷ್ಟು ಖೋತಾ ಆಗುತ್ತದೆ ಎಂದು ಇದರಿಂದಲೇ ಅಂದಾಜಿಸಬಹುದು.

ತುಂಬಿಸಿಕೊಳ್ಳುವುದು ಕಷ್ಟವಲ್ಲ. ಎಲ್ಲವೂ ಬೇಯಿಸುವ ಮುಂಚಿನ ತೂಕ: ದಿನಕ್ಕೆ ಅಕ್ಕಿ 250 ಗ್ರಾಂ, ರಾಗಿ ಹಿಟ್ಟು 60 ಗ್ರಾಂ, ತೊಗರಿ ಅಥವಾ ಹೆಸರುಬೇಳೆ 75 ಗ್ರಾಂ, ಹುರುಳಿಯೋ ಅಲಸಂದೆಯೋ ಕಡಲೆಯೋ ಯಾವುದಾದರೂ ಕಾಳು 50 ಗ್ರಾಂ, ಶೇಂಗಾ 30 ಗ್ರಾಂ, ಎಳ್ಳು 10 ಗ್ರಾಂ, ಸೊಪ್ಪು 100 ಗ್ರಾಂ, ಜೊತೆಗೆ ತರಕಾರಿ. ಇಷ್ಟರಲ್ಲಿ ಪ್ರೋಟೀನ್ 60ರ ಮೇಲೆ ಬಂದೇ ಬರುತ್ತದೆ. ತಪ್ಪುವುದು ಎಲ್ಲಿ ಎಂದರೆ, ಬಾಣಂತಿಗೆ ಬೇಳೆ ವಾಯು ಎಂದು ಬರೀ ತಿಳಿಸಾರು ಬಡಿಸುತ್ತಾರೆ. ತಿಳಿಯಲ್ಲಿ ಬೇಳೆ ಇರುವುದಿಲ್ಲ, ಪ್ರೋಟೀನೂ ಇರುವುದಿಲ್ಲ.

ಕ್ಯಾಲ್ಸಿಯಂ ಮಾತ್ರ ಊಟದಿಂದಲೇ ಪೂರ್ತಿ ಬರುವುದು ಕಷ್ಟ. 100 ಗ್ರಾಂ ರಾಗಿಯಲ್ಲಿ 350ರ ಆಸುಪಾಸು, ನುಗ್ಗೆಸೊಪ್ಪಿನಲ್ಲಿ 300ಕ್ಕೆ ಮೇಲೆ, ಹುರುಳಿಯಲ್ಲಿ 270ರ ಹತ್ತಿರ, 10 ಗ್ರಾಂ ಎಳ್ಳಿನಲ್ಲಿ 130ರಷ್ಟು ಮಿಲಿಗ್ರಾಂ ಇರುತ್ತದೆ. ಹರಿವೆ, ಬಸಳೆಯಲ್ಲೂ ಇದೆ, ಆದರೆ ಅವುಗಳಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಕಡಿಮೆ. ಆದ್ದರಿಂದ ಮಾತ್ರೆ ಬೇಕೇ ಬೇಕು. ಇನ್ನೊಂದು ಗಮನಿಸಿ: ಹಾಲಿನ ಬದಲು ಕಾಯಿಹಾಲು ಕುಡಿಯುತ್ತಿದ್ದೇನೆ, ಸಾಕು ಎಂದು ತುಂಬ ಜನ ಅಂದುಕೊಳ್ಳುತ್ತಾರೆ. ಕಾಯಿಹಾಲು ರುಚಿಗೆ, ಶಕ್ತಿಗೆ ಒಳ್ಳೆಯದು. ಕ್ಯಾಲ್ಸಿಯಂ, ಪ್ರೋಟೀನ್ ವಿಷಯದಲ್ಲಿ ಅದು ಹಾಲಿನ ಜಾಗ ತುಂಬುವುದಿಲ್ಲ.

ಬಿ12 ಇದೆಲ್ಲಕ್ಕಿಂತ ಮುಖ್ಯ. ಮೊಟ್ಟೆ ತಿನ್ನದವರಿಗೆ ಊಟದಲ್ಲಿ ಬಿ12 ಸಿಗುತ್ತಿದ್ದುದೇ ಹಾಲು ಮೊಸರಿನಿಂದ. ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ, ಹುದುಗಿಸಿದ ದೋಸೆ ಹಿಟ್ಟನ್ನೂ ನಂಬುವಂತಿಲ್ಲ. ತಾಯಿಯಲ್ಲಿ ಕಡಿಮೆಯಾದರೆ ಎದೆಹಾಲಿನಲ್ಲೂ ಕಡಿಮೆಯಾಗುತ್ತದೆ. ಮಗು ಮಂಕಾಗುವುದು, ಕಲಿತ ಆಟ ಮರೆಯುವುದು, ನಡುಕ, ರಕ್ತಹೀನತೆ ಎಲ್ಲ ಅದರಿಂದ ಬರಬಹುದು. ಹಾಲು ಬಿಟ್ಟ ದಿನದಿಂದಲೇ ಬಿ12 ಮಾತ್ರೆ ಶುರುವಾಗಲಿ, ಪ್ರಮಾಣ ಡಾಕ್ಟರ್ ಹೇಳಲಿ. ಮೊದಲೇ ಕಡಿಮೆ ಇದೆ ಎಂಬ ಅನುಮಾನ ಇದ್ದರೆ ಮಾತ್ರೆ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ನುಂಗಿದ ಮೇಲೆ ಮಾಡಿಸಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ, ಕೊರತೆ ಮರೆಯಾಗುತ್ತದೆ.

ಎದೆಹಾಲು ಕಡಿಮೆಯಾಗುವುದು ಹಸುವಿನ ಹಾಲು ಬಿಟ್ಟದ್ದಕ್ಕಲ್ಲ. ಮಗು ಎಷ್ಟು ಸಲ, ಎಷ್ಟು ಚೆನ್ನಾಗಿ ಕುಡಿದು ಖಾಲಿ ಮಾಡುತ್ತದೆ ಎನ್ನುವುದರ ಮೇಲೆ ಹಾಲು ಬರುತ್ತದೆ. ಭಯದಿಂದ ಊಟವನ್ನೇ ಕಡಿಮೆ ಮಾಡಿಕೊಂಡವರು ಸೋಲುತ್ತಾರೆ. ತುಪ್ಪ ಬಿಟ್ಟರೆ ಅಷ್ಟೇ ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಬಳಸಿ, ಒಂದು ಊಟ ಹೆಚ್ಚೇ ಮಾಡಿ.

ಹೊಸನಗರದ ಅಡುಗೆಮನೆ:

ಆಹಾರ ತಜ್ಞೆ ಮೇಡಂ ಹೇಳಿದ್ದನ್ನು ನಮ್ಮ ಅಡುಗೆಗೆ ಹೊಂದಿಸಿ ಬರೀತಿದ್ದೇನೆ. ಮಲೆನಾಡಿನ ಊಟದಲ್ಲಿ ಅರ್ಧಕ್ಕರ್ಧ ಹಾಲಿಲ್ಲದ್ದೇ ಇದೆ, ಹೆದರಬೇಡಿ ತಂಗಿ. ನೀರುದೋಸೆ, ಕಡುಬು, ಅಕ್ಕಿ ರೊಟ್ಟಿ, ಒತ್ತು ಶಾವಿಗೆ, ಮೆಣಸಿನ ಸಾರು, ಸಬ್ಬಸಿಗೆ ಪಲ್ಯ ಯಾವುದಕ್ಕೂ ಹಾಲು ಬೇಡ. ಒಗ್ಗರಣೆಗೆ ಮಾತ್ರ ತುಪ್ಪದ ಬದಲು ಕೊಬ್ಬರಿ ಎಣ್ಣೆ.

ತಂಬುಳಿಗೆ ಮಜ್ಜಿಗೆ ಬೇಡವೇ ಬೇಡ. ಒಣಗಿಸಿದ ನೆಲ್ಲಿಚಟ್ಟು ನಾಲ್ಕೈದು ತುಂಡು ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ. ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಎಣ್ಣೆಯಲ್ಲಿ ಹುರಿದು, ಅರ್ಧ ಬಟ್ಟಲು ಕಾಯಿತುರಿ ಮತ್ತು ನೆಲ್ಲಿಚಟ್ಟಿನ ಜೊತೆ ನುಣ್ಣಗೆ ರುಬ್ಬಿ, ನೀರು ಬೆರೆಸಿ ಉಪ್ಪು ಹಾಕಿದರೆ ಆಯ್ತು. ಕುದಿಸುವ ಹಾಗಿಲ್ಲ. ಒಂದೆಲಗ, ದೊಡ್ಡಪತ್ರೆ ತಂಬುಳಿಗಾದರೆ ಸೊಪ್ಪು ಬಾಡಿಸಿ ರುಬ್ಬಿ, ಹುಳಿಗೆ ಲಿಂಬೆರಸ ಕೊನೆಗೆ ಹಿಂಡಿ. ಮುರುಗಲು ಹುಳಿಯೂ ಆಗ್ತದೆ, ಆದರೆ ಹಸಿರು ಸೊಪ್ಪಿಗೆ ಅದು ಸೇರಿದರೆ ಬಣ್ಣ ಕೆಟ್ಟು ಕಂದಾಗ್ತದೆ, ರುಚಿಗೇನೂ ತೊಂದರೆ ಇಲ್ಲ.

ಹುರುಳಿಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಕಟ್ಟಿಡಿ. ಮಳೆಗಾಲದ ಚಳಿಗೆ ಮೊಳಕೆ ಬರೋದು ತಡ, ಒಲೆ ಹತ್ತಿರ ಇಟ್ಟರೆ ಬೇಗ ಬರ್ತದೆ. ಬೆಂದ ಮೇಲೆ ಕಟ್ಟು ಬಸಿದು ಸಾರು ಮಾಡಿ ಬಾಣಂತಿಗೆ ಅದನ್ನೇ ಬಡಿಸಿ, ಕಾಳನ್ನು ಬೇರೆಯವರ ಪಲ್ಯಕ್ಕೆ ಹಾಕೋದು ವಾಡಿಕೆ. ಈಗ ಹಾಗೆ ಮಾಡಬೇಡಿ. ಎರಡು ಸೌಟು ಬೆಂದ ಕಾಳನ್ನು ರುಬ್ಬಿ ಸಾರಿಗೇ ಸೇರಿಸಿ, ಉಳಿದ ಕಾಳು ಪಲ್ಯ ಮಾಡಿ ಬಾಣಂತಿಯ ತಟ್ಟೆಗೇ ಹಾಕಿ. ಎಳ್ಳನ್ನು ಇಡಿಯಾಗಿ ತಿಂದರೆ ಅರ್ಧ ಹಾಗೇ ಹೊರಗೆ ಹೋಗ್ತದೆ. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಒಣಮೆಣಸು, ಹುಳಿ, ಉಪ್ಪಿನ ಜೊತೆ ಪುಡಿ ಮಾಡಿಡಿ. ದಿನಾ ಒಂದು ದೊಡ್ಡ ಚಮಚ ಅನ್ನಕ್ಕೆ ಕಲಸಿಕೊಳ್ಳಿ.

ಕಷಾಯಕ್ಕೆ ಹಾಲಿನ ಬದಲು ಎರಡನೇ ಕಾಯಿಹಾಲು. ಪುಡಿ, ಬೆಲ್ಲ, ನೀರು ಮೊದಲು ಕುದಿಯಲಿ, ಒಲೆ ಆರಿಸಿದ ಮೇಲೆ ಕಾಯಿಹಾಲು ಸೇರಿಸಿ. ಮೊದಲೇ ಹಾಕಿ ಕುದಿಸಿದರೆ ಒಡೆದು ಎಣ್ಣೆ ಮೇಲೆ ತೇಲ್ತದೆ.

ಅಂಟಿನುಂಡೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಧಾರಾಳ ಮಾಡಬಹುದು. ಅಂಟನ್ನು ಚಿಕ್ಕ ಚೂರು ಮಾಡಿ, ಎಣ್ಣೆ ಚೆನ್ನಾಗಿ ಕಾದ ಮೇಲೆ ಸ್ವಲ್ಪಸ್ವಲ್ಪವೇ ಹಾಕಿ. ಎಣ್ಣೆ ಕಾಯದಿದ್ದರೆ ಸರಿಯಾಗಿ ಅರಳದೆ ಗಟ್ಟಿ ಉಳೀತದೆ, ಹಲ್ಲಿಗೆ ಅಂಟ್ತದೆ. ತುಪ್ಪ ಇಲ್ಲ ಅಂದ ಮೇಲೆ ಉಂಡೆ ಹಿಡಿಯೋದಕ್ಕೆ ಬೆಲ್ಲದ ಪಾಕವೇ ಆಧಾರ, ಎಳೆ ಪಾಕ ಬರಲೇಬೇಕು. ಹಾಲುಬಾಯಿ ಅಕ್ಕಿ, ಕಾಯಿಹಾಲು, ಬೆಲ್ಲದ್ದು, ತಿನ್ನಬಹುದು, ತಟ್ಟೆಗೆ ತುಪ್ಪ ಸವರಬೇಡಿ ಅಂತ ಮುಂಚೆಯೇ ಹೇಳಿಡಿ. ಅಂಗಡಿಯ ಬಾಣಂತಿ ಲೇಹ್ಯಗಳಿಗೆ ತುಪ್ಪ ಬಿದ್ದೇ ಇರ್ತದೆ. ಬಾಣಲೆ, ಸೌಟು ಸೋಪು ಹಾಕಿ ತೊಳೆದರೆ ಸಾಕು, ಬೇರೆ ಪಾತ್ರೆ ಬೇಡ. ಆದರೆ ಬೆಣ್ಣೆ ಸವರಿದ ದೋಸೆ ಹೆಂಚಿನಲ್ಲೇ ಬಾಣಂತಿಯ ದೋಸೆ ಹೊಯ್ಯಬೇಡಿ.

ಔಷಧ ಅಂಗಡಿಯಿಂದ, ಭದ್ರಾವತಿ:

ಮಾತ್ರೆಗಳ ಬಗ್ಗೆ ಸ್ವಲ್ಪ. ಕ್ಯಾಲ್ಸಿಯಂ ಮಾತ್ರೆಯ ಮೇಲೆ 1250 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಎಂದಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿಲಿಗ್ರಾಂ. ದೊಡ್ಡ ಅಂಕಿ ನೋಡಿ ಒಂದೇ ಸಾಕು ಎಂದುಕೊಳ್ಳಬೇಡಿ. ಸರ್ಕಾರಿ ಕಾರ್ಯಕ್ರಮದಲ್ಲಿ ಹೆರಿಗೆಯ ನಂತರ ಆರು ತಿಂಗಳು, 500 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ಮಾತ್ರೆ ದಿನಕ್ಕೆರಡು ಕೊಡುವ ಕ್ರಮವಿದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಊಟದ ಜೊತೆ ತೆಗೆದುಕೊಳ್ಳಬೇಕು, ಎರಡನ್ನೂ ಒಂದೇ ಸಲ ನುಂಗಬಾರದು. ಒಮ್ಮೆಗೆ ಹೆಚ್ಚು ಹಾಕಿದರೆ ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಬೆಳಿಗ್ಗೆ ತಿಂಡಿಗೆ ಒಂದು, ರಾತ್ರಿ ಊಟಕ್ಕೆ ಒಂದು ಕ್ಯಾಲ್ಸಿಯಂ, ನಡುವೆ ಸಂಜೆ ಲಿಂಬೆ ಶರಬತ್ತಿನ ಜೊತೆ ಕಬ್ಬಿಣ ಎಂದು ಹೊಂದಿಸಿಕೊಂಡರೆ ಮರೆಯುವುದಿಲ್ಲ. ಕಬ್ಬಿಣದ ಹತ್ತಿರ ಕಾಫಿ, ಚಹಾ ಬೇಡ. ಮಗುವಿಗೆ ದಿನಾ 400 ಐಯು ವಿಟಮಿನ್ ಡಿ ಹನಿ ಇದ್ದೇ ಇರುತ್ತದೆ, ಪಥ್ಯದ ಗಡಿಬಿಡಿಯಲ್ಲಿ ಅದು ನಿಲ್ಲದಿರಲಿ.

ಬಾಣಂತಿಯರಿಗೆಂದು ಮಾರುವ ಪ್ರೋಟೀನ್ ಪುಡಿಗಳಲ್ಲಿ ಬಹಳಷ್ಟು ಹಾಲಿನ ಪುಡಿ ಅಥವಾ ವೇ (ಹಾಲು ಒಡೆದಾಗ ಉಳಿಯುವ ತಿಳಿನೀರು) ಪ್ರೋಟೀನಿನವು. ಎದೆಹಾಲು ಹೆಚ್ಚಿಸುತ್ತದೆ ಎಂದು ಕೊಡುವ ಶತಾವರಿ ಹರಳನ್ನೂ ಹಾಲಿಗೆ ಬೆರೆಸಿ ಕುಡಿಯಲು ಹೇಳುತ್ತಾರೆ. ಮಾತ್ರೆಯಲ್ಲಿ ತುಂಬುವ ಲ್ಯಾಕ್ಟೋಸ್‌ಗೆ ಹೆದರಿ ಬೇಕಾದ ಔಷಧವನ್ನೇ ನಿಲ್ಲಿಸಬೇಡಿ, ಲ್ಯಾಕ್ಟೋಸ್ ಇಲ್ಲದ ಕಂಪನಿಯದ್ದು ಇದೆಯಾ ಎಂದು ಕೇಳಿ.

ಪೊಟ್ಟಣದ ತಿಂಡಿಯ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಹಾಲಿಲ್ಲ ಎಂದಲ್ಲ. 2020ರ ಲೇಬಲ್ ನಿಯಮದ ಪ್ರಕಾರ ಹಾಲು, ಸೋಯಾ, ಶೇಂಗಾ, ಗೋಧಿ ಇದ್ದರೆ ಅಲರ್ಜಿ ಸೂಚನೆಯಲ್ಲಿ ಬೇರೆಯಾಗಿ ಬರೆಯಬೇಕು. ಆ ಸಾಲು ಸಾಮಾನ್ಯವಾಗಿ ಪದಾರ್ಥಗಳ ಪಟ್ಟಿಯ ಹತ್ತಿರವೇ ಇರುತ್ತದೆ, ಮೊದಲು ಅದನ್ನು ಹುಡುಕಿ. ಪಟ್ಟಿಯಲ್ಲಿ ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್, ಕೇಸಿನೇಟ್ ಯಾವುದಿದ್ದರೂ ಬೇಡ. ಬೇಕರಿಯಲ್ಲಿ ಬಿಡಿಯಾಗಿ ಮಾರುವ ಬನ್ನು, ರಸ್ಕು, ಬೆಣ್ಣೆ ಬಿಸ್ಕತ್ತಿಗೆ ಲೇಬಲ್ಲೇ ಇರುವುದಿಲ್ಲ. ಈ ನಾಲ್ಕು ವಾರ ಬೇಕರಿ ಕಡೆ ಹೋಗದಿರುವುದೇ ಲೇಸು.

ಸಾಗರದ ತಾಯಿ:

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಸಂಶಯ. ಗೊತ್ತಿಲ್ಲದೆ ಹಾಲು ಸೇರಿದ್ದೇನಾದರೂ ತಿಂದರೆ ನಾಲ್ಕು ವಾರ ಮತ್ತೆ ಮೊದಲಿಂದ ಎಣಿಸಬೇಕಾ, ಆ ಹೊತ್ತಿನ ಎದೆಹಾಲು ಹಿಂಡಿ ಚೆಲ್ಲಬೇಕಾ? ಪಥ್ಯಕ್ಕೆ ಮುಂಚೆ ತೆಗೆದು ಫ್ರೀಜರ್‌ನಲ್ಲಿಟ್ಟ ಹಾಲು ಕೊಡಬಹುದಾ?

ಶುಶ್ರೂಷಕಿ, ಎದೆಹಾಲು ಸಲಹೆ:

ಚೆಲ್ಲುವುದು ಬೇಡ, ಮಗುವಿಗೆ ಕುಡಿಸುತ್ತಲೇ ಇರಿ. ಏನು ತಿಂದಿರಿ, ಯಾವಾಗ ಎಂದು ಪುಸ್ತಕದಲ್ಲಿ ಗುರುತು ಹಾಕಿ. ಈ ಬಗೆಯ ಅಲರ್ಜಿಯಲ್ಲಿ ಪರಿಣಾಮ ತಕ್ಷಣ ಕಾಣುವುದಿಲ್ಲ, ಒಂದರಿಂದ ಮೂರು ದಿನದೊಳಗೆ ಮಲದಲ್ಲಿ ಕಾಣಬಹುದು. ಎಲ್ಲೋ ಒಮ್ಮೆ ಚೂರು ತಪ್ಪಿದರೆ ಮೊದಲಿಂದ ಎಣಿಸಬೇಕಾಗಿಲ್ಲ. ರಕ್ತ ಮರಳಿದರೆ ಆ ದಿನದಿಂದ ಇನ್ನೆರಡು ವಾರ ಸೇರಿಸಿಕೊಳ್ಳಿ. ಫ್ರೀಜರ್‌ನ ಹಾಲಿನಲ್ಲಿ ಹಳೆಯ ಊಟದ ಪ್ರೋಟೀನ್ ಇರಬಹುದು. ದಿನಾಂಕ ಬರೆದು ಬದಿಗಿಡಿ, ಪರೀಕ್ಷೆ ಮುಗಿಯುವ ತನಕ ಕೊಡಬೇಡಿ.

ತಾಯಿ ಇಷ್ಟೆಲ್ಲ ಪಥ್ಯ ಮಾಡುವಾಗ ಮಗುವಿನ ಬಾಯಿಗೇ ಹಾಲು ಹೋಗುವ ದಾರಿಗಳಿವೆ. ಬಜೆ ತೇಯುವಾಗ ಕಲ್ಲಿಗೆ ತುಪ್ಪವೋ ಹಸುವಿನ ಹಾಲೋ ಹಾಕುತ್ತಾರೆ, ತುಟಿಗೆ ಬೆಣ್ಣೆ ಸವರುತ್ತಾರೆ. ಇದನ್ನು ಅಜ್ಜಿಗೆ, ಮೀಯಿಸುವವರಿಗೆ ಗೌರವದಿಂದಲೇ, ಆದರೆ ಖಡಾಖಂಡಿತ ಹೇಳಿ. ಆರು ತಿಂಗಳ ತನಕ ಮಗುವಿನ ಬಾಯಿಗೆ ಎದೆಹಾಲು ಮತ್ತು ಡಾಕ್ಟರು ಹೇಳಿದ ಹನಿ ಬಿಟ್ಟು ಬೇರೇನೂ ಹೋಗಬಾರದು, ಜೇನನ್ನಂತೂ ವರ್ಷ ತುಂಬುವ ತನಕ ನೆಕ್ಕಿಸಬಾರದು. ರಾತ್ರಿ ಒಂದು ಬಾಟಲಿ ಡಬ್ಬದ ಹಾಲು ಕೊಟ್ಟರೂ ಇಡೀ ಪರೀಕ್ಷೆ ಕೆಟ್ಟಂತೆ, ಮಾಮೂಲಿ ಡಬ್ಬದ ಹಾಲು ಹಸುವಿನ ಹಾಲಿನದೇ.

ಪುಸ್ತಕದಲ್ಲಿ ದಿನಾ ಬರೆಯಬೇಕಾದ್ದು: ಮಲ ಎಷ್ಟು ಸಲ, ರಕ್ತ ಇತ್ತೇ, ಲೋಳೆ ಇತ್ತೇ, ವಾಂತಿ, ಚರ್ಮದ ಮೇಲೆ ಗುಳ್ಳೆ, ತಾಯಿಯ ಹೊಸ ತಿಂಡಿ ಅಥವಾ ಔಷಧ. ಅನುಮಾನ ಬಂದಾಗ ಮೊಬೈಲ್‌ನಲ್ಲಿ ಡೈಪರ್‌ನ ಫೋಟೋ ತೆಗೆದಿಡಿ, ಡಾಕ್ಟರಿಗೆ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ. ಹಸಿರು ಮಲ ಒಂದೇ ಇದ್ದರೆ ಅದು ಅಲರ್ಜಿಯ ಗುರುತಲ್ಲ. ರಕ್ತ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ, ಲೋಳೆ ಇನ್ನೂ ನಿಧಾನ, ಏಕೆಂದರೆ ಕೆರಳಿದ ಕರುಳು ಮಾಯಲು ಸಮಯ ಬೇಕು. ಮೂರೇ ದಿನಕ್ಕೆ ಫಲವಿಲ್ಲ ಎಂದು ಇನ್ನೊಂದು ಆಹಾರ ಬಿಡಬೇಡಿ.

ಮೊಲೆತೊಟ್ಟು ಒಡೆದಿದ್ದರೆ ಆ ರಕ್ತವನ್ನು ಮಗು ನುಂಗಿಯೂ ಮಲದಲ್ಲಿ ಬರಬಹುದು, ನೋಡಿಕೊಳ್ಳಿ. ರಕ್ತ ಹೆಚ್ಚಾಗುವುದು, ಜ್ವರ, ಹಸಿರು ವಾಂತಿ, ಹೊಟ್ಟೆ ಉಬ್ಬರ, ಬಿಟ್ಟುಬಿಟ್ಟು ಕಿರುಚಿ ಅತ್ತು ಬಿಳಿಚಿಕೊಳ್ಳುವುದು, ಮಂಕಾಗಿ ಹಾಲು ಬಿಡುವುದು, ಮೂಗು ಅಥವಾ ಹೊಕ್ಕುಳಿಂದಲೂ ರಕ್ತ, ಇವುಗಳಲ್ಲಿ ಒಂದು ಕಂಡರೂ ಪಥ್ಯದ ಲೆಕ್ಕ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಹಳ್ಳಿಯಲ್ಲಿದ್ದು ರಾತ್ರಿ ಮಳೆ ಜೋರಾಗಿದ್ದರೆ ಬೆಳಗಿನ ತನಕ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಇನ್ನು, ಹಲವರು ಬಿಟ್ಟುಬಿಡುವ ಹಂತ. ನಾಲ್ಕು ವಾರಕ್ಕೆ ರಕ್ತ ನಿಂತರೆ ಹಾಲೇ ಕಾರಣ ಎಂದು ಇನ್ನೂ ಖಚಿತವಾಗಿಲ್ಲ. ಕೆಲವು ಮಕ್ಕಳಲ್ಲಿ ಇದು ತಾನಾಗಿಯೇ ನಿಲ್ಲುತ್ತದೆ. ಆದ್ದರಿಂದ ಡಾಕ್ಟರಿಗೆ ಹೇಳಿ ತಾಯಿ ಮತ್ತೆ ಹಾಲು ತೆಗೆದುಕೊಂಡು ನೋಡಬೇಕು: ಮೊದಲ ಎರಡು ದಿನ ಅರ್ಧ ಲೋಟ, ಆಮೇಲೆರಡು ದಿನ ಒಂದು ಲೋಟ, ನಂತರ ವಾರ ತುಂಬುವ ತನಕ ಮೊದಲಿನಂತೆ. ಮಜ್ಜಿಗೆಯಲ್ಲಿ ಈ ಪರೀಕ್ಷೆ ಬೇಡ, ನೀರು ಎಷ್ಟು ಬೆರೆತಿದೆ ಎಂಬ ಅಳತೆ ಸಿಗುವುದಿಲ್ಲ. ಏನೂ ಆಗದಿದ್ದರೆ ಪಥ್ಯ ಮುಗಿಯಿತು, ತುಪ್ಪ ಸಹಿತ ಎಲ್ಲ ತಿನ್ನಿ. ರಕ್ತ ಮರಳಿದರೆ ಅಲ್ಲಿಗೇ ನಿಲ್ಲಿಸಿ. ಆಗ ಮಗುವಿಗೆ ಒಂಬತ್ತರಿಂದ ಹನ್ನೆರಡು ತಿಂಗಳಾಗುವ ತನಕ ಪಥ್ಯ ಮುಂದುವರಿಯುತ್ತದೆ, ಹೆಚ್ಚಿನ ಮಕ್ಕಳಿಗೆ ವರ್ಷ ತುಂಬುವಷ್ಟರಲ್ಲಿ ಹಾಲು ಒಗ್ಗುತ್ತದೆ. ಹಾಲು ತಾಗಿದ ಸ್ವಲ್ಪ ಹೊತ್ತಿಗೇ ಮೈಮೇಲೆ ದದ್ದು, ಮುಖದ ಊತ, ಉಸಿರಿನ ತೊಂದರೆ ಅಥವಾ ಜೋರು ವಾಂತಿ ಎಂದಾದರೂ ಆಗಿದ್ದ ಮಗುವಿಗೆ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡುವಂತಿಲ್ಲ.

ನಿಮ್ಮ ಮಗುವಿನ ವಯಸ್ಸಿಗೆ ಹದಿನಾಲ್ಕನೇ ವಾರದ ಲಸಿಕೆ ಈ ನಾಲ್ಕು ವಾರಗಳೊಳಗೇ ಬರುತ್ತದೆ. ಅದರಲ್ಲಿ ಕೊಡುವ ರೋಟಾ ಹನಿಯಿಂದ (ರೋಟಾ ವೈರಸ್ ಭೇದಿ ತಡೆಯುವ ಲಸಿಕೆ) ಕೆಲವು ದಿನ ಮಲ ನೀರಾಗಬಹುದು, ಅದನ್ನು ಊಟದ ತಲೆಗೆ ಕಟ್ಟಬೇಡಿ. ಲಸಿಕೆ ಮುಂದೂಡುವುದು ಬೇಡ. ಹಾಲಿನ ಮರುಪರೀಕ್ಷೆಯನ್ನು ಬೇಕಾದರೆ ಲಸಿಕೆಯಾದ ಒಂದು ವಾರದ ನಂತರಕ್ಕೆ ಇಟ್ಟುಕೊಳ್ಳಿ.